ಎಡಗಡೆಯ ಆಂಪು

ಜಯರಾಮ ಗಿಟಾರು ನುಡಿಸಿದ್ದಕ್ಕಿಂತ ಹೊತ್ತದ್ದೇ ಹೆಚ್ಚು ಎಂದು ಅವನ ಹೆಂಡತಿ ಶೈಲಜಾ ಹೇಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇಲ್ಲ. ಗಿಟಾರು ಹಗುರ. ಅದರ ಸಣ್ಣ ದನಿಯನ್ನು ಹಿಗ್ಗಿಸಿ ಸಭಾಂಗಣ ತುಂಬಿಸುವ ಆಂಪು ಮಾತ್ರ ಅಕ್ಕಿಮೂಟೆಯ ತೂಕ. ಬೇರೆಯವರು ಒಂದು ಆಂಪು ಇಟ್ಟುಕೊಂಡು ಸುಖವಾಗಿರುತ್ತಾರೆ. ನಮ್ಮ ಜಯರಾಮನಿಗೆ ಎರಡು ಬೇಕು, ಒಂದು ದಪ್ಪ ಗಂಟಲಿನದು, ಒಂದು ತೆಳು ಗಂಟಲಿನದು. ಒಂದೇ ಗಿಟಾರಿನ ದನಿಯನ್ನು ಸೀಳಿ ಎರಡಕ್ಕೂ ಕೊಟ್ಟು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಇಟ್ಟು, ನಡುವೆ ನಿಂತು ನುಡಿಸುತ್ತಿದ್ದ. ಬರೀ ಅನ್ನ ಬಡಿಸಿದರೆ ಊಟ ಆಗುತ್ತದೆಯೇ, ಸಾರು ಬೇಡವೇ, ಎಂದು ಕೇಳಿದವರ ಬಾಯಿ ಮುಚ್ಚಿಸುತ್ತಿದ್ದ.

ಪ್ರತಿ ಆಂಪಿನೊಳಗೂ ಎರಡು ಚಾನೆಲ್ಲು. ಹಾಡುವವರ ಹಿಂದೆ ಮೆಲ್ಲಗೆ ನುಡಿಸಲು ಒಂದು, ಹಾಡಿನ ನಡುವೆ ಗಿಟಾರು ಒಂಟಿಯಾಗಿ ಮೆರೆಯುವಾಗ ಗುಡುಗಲು ಇನ್ನೊಂದು. ಕಾಲ ಬಳಿಯ ಪೆಡಲನ್ನು ಒಮ್ಮೆ ತುಳಿದರೆ ಎರಡೂ ಆಂಪು ಒಟ್ಟಿಗೆ ಮೆಲುದನಿಯಿಂದ ಗುಡುಗಿಗೆ ಹೋಗಬೇಕು. ಇನ್ನೊಮ್ಮೆ ತುಳಿದರೆ ಒಟ್ಟಿಗೆ ವಾಪಸ್ಸು ಬರಬೇಕು. ಆ ಪೆಡಲನ್ನು ಅವನೇ ಕೂತು ಜೋಡಿಸಿದ್ದ. ಯಾವ ಚಾನೆಲ್ಲಿನಲ್ಲಿ ಇದೆ ಎಂದು ತೋರಿಸುವ ದೀಪ ಅದಕ್ಕಿರಲಿಲ್ಲ. ಕೇಳಿಸುತ್ತದಲ್ಲ, ನೋಡುವುದೇನಿದೆ ಎನ್ನುವುದು ಅವನ ವಾದ.

ವಾದಕ್ಕೆ ಬಲ ಇತ್ತು. ಮಂಡ್ಯದಲ್ಲಿ ಕಾಲೇಜು ಓದುವಾಗ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಕಾಲದಿಂದಲೂ ಜಯರಾಮನ ಕಿವಿಗೆ ಹೆಸರು. ಜನರೇಟರು ಹೊಡೆದುಕೊಳ್ಳುತ್ತಿದ್ದರೂ, ಪಟಾಕಿ ಸಿಡಿಯುತ್ತಿದ್ದರೂ, ಯಾವ ತಂತಿ ಕೂದಲೆಳೆಯಷ್ಟು ಇಳಿದಿದೆ ಎಂದು ಅವನು ಹೇಳುತ್ತಿದ್ದ. ಈಗ ಅವನಿಗೆ ಐವತ್ತು ದಾಟಿದೆ, ಇರುವುದು ಅಮೆರಿಕದಲ್ಲಿ. ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಕಟ್ಟಿದ್ದರಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕಿ ಹೇಳುವುದು, ಹೇಳಿ ಬೈಸಿಕೊಳ್ಳುವುದು. ಬೆಳಿಗ್ಗೆ ಸನ್ನಿವೇಲಿನ ಮನೆಯಿಂದ ಫ್ರೀವೇ ಹಿಡಿದು ಹೋಗುವುದು, ಸಂಜೆ ಅದೇ ಫ್ರೀವೇಯಲ್ಲಿ ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ಬರುವುದು. ಅವನ ಮಾತಿಗೆ ಆಫೀಸಿನಲ್ಲಿ ಕಾಯುವವರು ಯಾರೂ ಇರಲಿಲ್ಲ.

ಕಾಯುತ್ತಿದ್ದದ್ದು 'ಕಬ್ಬಿನ ಗಾಡಿ' ತಂಡದವರು. ಹೆಸರು ಕೇಳಿ ನಗಬೇಡಿ, ಸನ್ನಿವೇಲು ಸುತ್ತಮುತ್ತಲ ಕನ್ನಡದ ಕಾರ್ಯಕ್ರಮಗಳಿಗೆ ಈ ಗಾಡಿ ಬರದಿದ್ದರೆ ನಡೆಯುತ್ತಿರಲಿಲ್ಲ. ಹಾಡುವವಳು ಶರಣ್ಯಾ, ಬೇಸ್ ಗಿಟಾರು ಕುಶಲ್, ಡ್ರಮ್ಮು ಬಾರಿಸಲು ಸಿಕ್ಕಿದವರು. ಶುರುವಾಗುವ ಮುಂಚೆ ಎಲ್ಲರೂ ಜಯರಾಮನ ಕಡೆ ತಿರುಗಿ, "ಸರಿಯಿದ್ಯಾ?" ಎಂದು ಕೇಳುತ್ತಿದ್ದರು. ಇವನು ಗದ್ದ ಎತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ತಲೆಯಾಡಿಸಿದರೆ ಸರಿ. ಮುಖ ಹುಳ್ಳಗೆ ಮಾಡಿದರೆ ಮತ್ತೆ ತಿರುಪು ತಿರುಗಿಸಬೇಕು. ವಾರವೆಲ್ಲ ಜೀವ ತಿನ್ನುವ ಕೆಲಸ ಮಾಡಿ ಬಂದವನಿಗೆ ಆ ಒಂದು ಪ್ರಶ್ನೆಯೇ ಸಂಬಳ.

ಈ ಸಲದ ಗಣೇಶನ ಹಬ್ಬದ ಕಾರ್ಯಕ್ರಮದಲ್ಲಿ ಅದಕ್ಕೆ ಪೆಟ್ಟು ಬಿತ್ತು. ಹಾಡಿನ ನಡುವೆ ಗಿಟಾರಿನ ಒಂಟಿ ಭಾಗ ಬಂದಾಗ ಜಯರಾಮ ಪೆಡಲು ತುಳಿದ. ಬಲಗಡೆಯ ಆಂಪು ಗುಡುಗಿತು. ಎಡಗಡೆಯದು ಕಂಬಳಿ ಹೊದ್ದುಕೊಂಡು ಮಲಗಿದ ಹಾಗೆ ಮಂಕಾಗಿಯೇ ಇತ್ತು. ಚಾನೆಲ್ಲು ಬದಲಾಗಿಲ್ಲ ಎಂದು ಮತ್ತೆ ತುಳಿದ. ಈಗ ಬಲಗಡೆಯದೂ ಮೆತ್ತಗಾಯಿತು. ಮತ್ತೆ ತುಳಿದ, ಮತ್ತೆ. ಸಭೆಯಲ್ಲಿ ಕೂತವರಿಗೆ ಕೇಳಿಸಿದ್ದು ಒಮ್ಮೆ ಗುಡುಗಿ ಒಮ್ಮೆ ಮಿಣುಕುವ ಗಿಟಾರು. ಮುಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕವು. ಶರಣ್ಯಾ ತನ್ನ ಸಾಲನ್ನು ಬೇಗ ಎತ್ತಿಕೊಂಡು ಮಾನ ಉಳಿಸಿದಳು.

ಸಾಮಾನು ಕಟ್ಟುವಾಗ ಕುಶಲ್ ಹತ್ತಿರ ಬಂದ. ಒಳ್ಳೆಯ ಹುಡುಗ, ಮಾತು ಮಾತ್ರ ನೇರ.

"ಸರ್, ಬೇಜಾರ್ ಮಾಡ್ಕೋಬೇಡಿ. ಲಾಸ್ಟ್ ಶೋನಲ್ಲೂ ಹಿಂಗೇ ಆಯ್ತು. ರಾಜ್ಯೋತ್ಸವಕ್ಕೂ ಹಿಂಗಾದ್ರೆ ಆಂಪ್ಸ್ ಬೇಡ ಸರ್. ಎಲ್ಲಾ ನನ್ನ ಡಿಜಿಟಲ್ ಬಾಕ್ಸಿಗೆ ಹಾಕ್ಬಿಡೋಣ. ಎಲ್ರಿಗೂ ಇಯರ್‌ಫೋನು. ಲೆವೆಲ್ಲು, ಟ್ಯೂನಿಂಗು ಎಲ್ಲಾ ಅದೇ ನೋಡ್ಕೊಳತ್ತೆ."

"ಅಂದ್ರೆ ನಾನು ಯಾಕೆ?" ಎಂದ ಜಯರಾಮ.

"ನೀವು ನುಡಿಸ್ತೀರಲ್ಲ ಸರ್."

ನುಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ ಎಂದು ಜಯರಾಮನಿಗೆ ಗೊತ್ತಿತ್ತು. ಶ್ರುತಿಯನ್ನೂ ದನಿಯ ಏರಿಳಿತವನ್ನೂ ಪೆಟ್ಟಿಗೆಯೇ ನೋಡಿಕೊಂಡರೆ "ಸರಿಯಿದ್ಯಾ?" ಎಂದು ಅವನನ್ನು ಯಾರು ಕೇಳುತ್ತಾರೆ? ರಾಜ್ಯೋತ್ಸವದೊಳಗೆ ರಿಪೇರಿ ಮಾಡಿಯೇ ತೀರುತ್ತೇನೆ ಎಂದ.

ಅಲ್ಲಿಂದ ಮನೆಯ ಗರಾಜು ಆಪರೇಷನ್ ಥಿಯೇಟರ್ ಆಯಿತು. ಆಫೀಸಿನಿಂದ ಬಂದವನು ಕಾಫಿ ಕಪ್ಪು ಹಿಡಿದು ನೇರ ಗರಾಜಿಗೆ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು, ಬದಲಿಸಿ ಕೇಳಬೇಕು, ಕೇಳಿ ಮುಂದಿನದಕ್ಕೆ ಹೋಗಬೇಕು. ಎರಡು ಒಟ್ಟಿಗೆ ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಇದು ಅವನ ಹೊಟ್ಟೆಪಾಡಿನ ವಿದ್ಯೆ. ಮೊದಲು ವೈರು ಬದಲಿಸಿದ. ಆಮೇಲೆ ಪೆಡಲು ಬಿಚ್ಚಿದ. ಬಿಚ್ಚಿದವನೇ "ಸಿಕ್ದ ಕಳ್ಳ!" ಎಂದು ಕೂಗಿದ.

ವೈರು ಚುಚ್ಚುವ ತೂತಿನೊಳಗೆ ಅರಿಸಿನ ಬಳಿದ ಒಂದು ಅಕ್ಕಿಕಾಳು ಕೂತಿತ್ತು. ಹೋದ ವರ್ಷದ ಆಯುಧಪೂಜೆಗೆ ಶೈಲಜಾ ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳ ಜತೆಗೆ ಆಂಪುಗಳಿಗೂ ಪೆಡಲಿಗೂ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಅಕ್ಷತೆ ಹಾಕಿದ್ದಳು. ಜಯರಾಮ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಹೋಗಿ, ಸರ್ಕ್ಯೂಟು ಅಂದರೇನು, ಅದರೊಳಗೆ ಅನ್ನಸಂತರ್ಪಣೆ ಯಾಕೆ ಮಾಡಬಾರದು ಎಂದು ಸಣ್ಣ ಭಾಷಣ ಮಾಡಿದ. ಶೈಲಜಾ ಫಾರ್ಮಸಿಯಲ್ಲಿ ಇಡೀ ದಿನ ನಿಂತು ಕೆಲಸ ಮಾಡಿ ಬಂದಿದ್ದಳು. ಒಗ್ಗರಣೆ ಸೌಟು ಕೆಳಗಿಟ್ಟು ಏನೋ ಹೇಳಿದಳು. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಹೊರಟುಹೋದ.

ಈಚೆಗೆ ಹಾಗೇ ಆಗಿತ್ತು. ಊಟಕ್ಕೆ ಕೂತಾಗ ಅವಳು ಏನಾದರೂ ಹೇಳಿದರೆ ಇವನು ತಟ್ಟೆ ನೋಡುತ್ತಿದ್ದ. ಎರಡನೇ ಸಲ ಹೇಳಿದರೆ "ಹೂಂ" ಎನ್ನುತ್ತಿದ್ದ, ಆ ಹೂಂ ಯಾವ ಮಾತಿಗೆ ಎಂದು ದೇವರಿಗೇ ಗೊತ್ತು. ಗ್ರಾಸರಿಗೆ ಹೋಗುವಾಗ ಕಾರಿನಲ್ಲಿ ಮಾತ್ರ ನೆಟ್ಟಗೆ ಮಾತಾಡುತ್ತಿದ್ದ, ನಗುತ್ತಲೂ ಇದ್ದ. ಹೊರಗೆ ಬಂದಾಗ ಇರುವ ಗಂಡ ಮನೆಯೊಳಗೆ ಯಾಕಿರುವುದಿಲ್ಲ ಎಂದು ಶೈಲಜಾ ಯೋಚಿಸಿ ಯೋಚಿಸಿ ದಣಿದಿದ್ದಳು. ಕೊನೆಗೆ ಊಟದ ಹೊತ್ತಿನ ಮಾತನ್ನೇ ಬಿಟ್ಟಿದ್ದಳು. ಮಗಳು ನಿಸರ್ಗಾ ಓದಲು ದೂರ ಹೋದ ಮೇಲೆ ಮೇಜಿನ ಸುತ್ತ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅಕ್ಕಿಕಾಳು ತೆಗೆದರೂ ಎಡಗಡೆಯ ಆಂಪು ಹಠ ಬಿಡಲಿಲ್ಲ. ಜಯರಾಮ ಹೆಂಡತಿಯ ಬಳಿ ಹೋಗಿ ತಪ್ಪಾಯಿತು ಎನ್ನಲಿಲ್ಲ, ಅಷ್ಟು ದೊಡ್ಡ ಮನಸ್ಸು ಅವನದಲ್ಲ. ಈ ವರ್ಷದ ಆಯುಧಪೂಜೆ ಬಂದಾಗ ಶೈಲಜಾ ಕಾರಿಗೆ, ಮಿಕ್ಸಿಗೆ, ಕತ್ತರಿಗೆ ಎಲ್ಲಕ್ಕೂ ಕುಂಕುಮ ಇಟ್ಟಳು. ಗರಾಜಿನೊಳಗೆ ಕಾಲಿಡಲಿಲ್ಲ.

ಈ ರೋಗಕ್ಕೆ ಇನ್ನೊಂದು ವಿಚಿತ್ರ ಇತ್ತು. ಎಡಗಡೆಯ ಆಂಪು ಮಂಕಾಗಿದೆ ಎಂದು ಬಗ್ಗಿ ಅದರ ಮುಂದೆ ಕಿವಿ ಇಟ್ಟರೆ ಸರಿಯಾಗಿ ಗುಡುಗುತ್ತಿತ್ತು. ಎದ್ದು ತನ್ನ ಜಾಗಕ್ಕೆ ಬಂದರೆ ಮತ್ತೆ ಕಂಬಳಿ. ಕೊಲ್ಲಿಯ ಆಚೆಯ ಓಕ್ಲ್ಯಾಂಡಿನಲ್ಲಿ ಹಳೇ ಆಂಪು ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ರಜೆ ಹಾಕಿ ಅವಳ ಹತ್ತಿರ ಹೊತ್ತುಕೊಂಡು ಹೋದ. ಅವಳು ಒಳಗಿನದೆಲ್ಲ ಅಳೆದು, ಚಾನೆಲ್ಲು ಬದಲಿಸಿ ನೋಡಿ, ಏನೂ ಆಗಿಲ್ಲ ಎಂದಳು. ಇವಳಿಗೆ ಕೆಲಸ ಬರುವುದಿಲ್ಲ ಎಂದು ಬೈದುಕೊಳ್ಳುತ್ತ ಸೇತುವೆ ದಾಟಿ ವಾಪಸ್ಸು ಬಂದ. ಸೊಂಟ ಹಿಡಿದುಕೊಂಡಿತ್ತು.

ರಾಜ್ಯೋತ್ಸವ ಹತ್ತಿರ ಬಂದ ಶನಿವಾರ ಮಧ್ಯಾಹ್ನ ಅವನು ಕೈ ಚೆಲ್ಲುವ ಹಂತಕ್ಕೆ ಬಂದಿದ್ದ. ಗಿಟಾರು ಹಿಡಿದು ನಿಂತಾಗ ಪೆಡಲು ತುಳಿಯಲು ಇನ್ನೊಬ್ಬರಿದ್ದರೆ ಪೂರ್ತಿ ಗಮನ ಕೊಟ್ಟು ಕೇಳಬಹುದು ಅನ್ನಿಸಿತು. ಮುಜುಗರಪಡುತ್ತ ಶೈಲಜಾಳನ್ನು ಕರೆದ. ಅವಳು ಬಂದು ವಾಷಿಂಗ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಪೆಡಲನ್ನು ಎಳೆದು ಚಪ್ಪಲಿ ಕಾಲಿನ ಹತ್ತಿರ ಇಟ್ಟುಕೊಂಡಳು. ಅವನು ಸ್ಟೇಜಿನ ಮೇಲೆ ನಿಲ್ಲುವ ಹಾಗೆ ಗರಾಜಿನ ಬಾಗಿಲ ಕಡೆ ಮುಖ ಮಾಡಿ, ಎಡಕ್ಕೊಂದು ಬಲಕ್ಕೊಂದು ಆಂಪು ಇಟ್ಟುಕೊಂಡು ನಿಂತ.

"ಒತ್ತು," ಎಂದ.

ಒತ್ತಿದಳು. "ಬದಲಾಯ್ತಲ್ಲ, ಎರಡೂ," ಎಂದಳು.

"ಎಡಗಡೇದು ಆಗ್ಲಿಲ್ಲ. ನಿಂಗೆ ಗೊತ್ತಾಗಲ್ಲ ಬಿಡು."

ಶೈಲಜಾ ಇನ್ನೊಮ್ಮೆ ಒತ್ತಿ ಮೆಲುದನಿಗೆ ವಾಪಸ್ಸು ತಂದಳು. ಅವನು ಗಿಟಾರು ಇಳಿಸಿ, ಉಸಿರು ಬಿಡುತ್ತ ಎರಡು ಆಂಪುಗಳ ಜಾಗವನ್ನು ಅದಲು ಬದಲು ಮಾಡಿದ. ಈಗ ತೆಳು ಗಂಟಲಿನದು ಎಡಕ್ಕೆ, ದಪ್ಪ ಗಂಟಲಿನದು ಬಲಕ್ಕೆ. "ಒತ್ತು." ಬಲಗಡೆಗೆ ಬಂದ ಹಳೇ ರೋಗಿ ಸಿಂಹದ ಹಾಗೆ ಗುಡುಗಿತು. ಇಷ್ಟು ದಿನ ಸರಿಯಾಗಿದ್ದ ಇನ್ನೊಂದು ಆಂಪು ಎಡಗಡೆ ಮಂಕಾಗಿ ಕೂತಿತ್ತು. ಜಯರಾಮನಿಗೆ ಹುರುಪು ಬಂತು. ಹಾಗಾದರೆ ತಪ್ಪು ಆಂಪಿನದಲ್ಲ. ಗೋಡೆಯ ಸಾಕೆಟ್ಟು ಬದಲಿಸಿದ. ಎಡಗಡೆಯೇ ಮಂಕು. ವೈರುಗಳನ್ನು ಎಡಬಲ ಮಾಡಿದ. ಎಡಗಡೆಯೇ ಮಂಕು. ಕಾರನ್ನು ಹೊರಗೆ ತೆಗೆದ, ಎಡಗೋಡೆಗೆ ಒರಗಿಸಿದ್ದ ಹಳೇ ಹಾಸಿಗೆ ತೆಗೆದ. ಬದಲಿಸುವುದು ಇನ್ನೇನೂ ಇರಲಿಲ್ಲ.

"ಎಲ್ಲಾ ಬದಲಾಯಿಸಿದ್ದಾಯ್ತು. ಇನ್ನೇನು ಉಳೀತು?" ಎಂದ.

ಶೈಲಜಾಗೆ ಪಿತ್ತ ನೆತ್ತಿಗೇರಿತ್ತು. "ನೀವೊಬ್ರು ಉಳಿದಿದೀರ," ಎಂದಳು.

ಅವಳು ಹೇಳಿದ್ದು ಸಿಟ್ಟಿನಲ್ಲಿ. ಆದರೆ ಹೊಟ್ಟೆಪಾಡಿನ ವಿದ್ಯೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬದಲಿಸದೆ ಉಳಿದದ್ದು ಒಂದಿದೆ ಎಂದರೆ ಅದನ್ನೂ ಬದಲಿಸಿ ನೋಡಬೇಕು. ಜಯರಾಮ ಯೋಚಿಸದೆ, ಬಾಗಿಲಿಗೆ ಬೆನ್ನು ಮಾಡಿ ತಿರುಗಿ ನಿಂತ. ಆಂಪುಗಳು ಇದ್ದಲ್ಲೇ ಇದ್ದವು. ಬಲಕ್ಕಿದ್ದದ್ದು ಈಗ ಅವನ ಎಡಕ್ಕೆ, ಎಡಕ್ಕಿದ್ದದ್ದು ಬಲಕ್ಕೆ.

"ಒತ್ತು," ಎಂದ.

ಈಗಷ್ಟೇ ಸಿಂಹದ ಹಾಗೆ ಗುಡುಗಿದ್ದ ಆಂಪು ಮಂಕಾಗಿತ್ತು. ಮಂಕಾಗಿದ್ದದ್ದು ಗುಡುಗುತ್ತಿತ್ತು.

ಮತ್ತೆ ಬಾಗಿಲ ಕಡೆ ತಿರುಗಿದ. ಮಂಕು ಆ ಕಡೆಯಿಂದ ಈ ಕಡೆಗೆ ಬಂತು. ಮತ್ತೆ ಒಳಗೆ ತಿರುಗಿದ. ಅವನ ಜತೆಗೇ ತಿರುಗಿತು. ತಂತಿ ಮೀಟಿ, ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡ. ಎರಡೂ ಆಂಪುಗಳ ದನಿ ಗೋಡೆಯ ಆಚೆ ಮನೆಗೆ ಹೋದ ಹಾಗಾಯಿತು. ಗಿಟಾರನ್ನು ಕತ್ತಿನಿಂದ ತೆಗೆಯದೆ ಹಾಗೇ ಆಂಪಿನ ಮೇಲೆ ಕುಸಿದು ಕೂತ. ಬಗ್ಗಿ ಕೇಳುವಾಗೆಲ್ಲ ತಾನು ಇಡುತ್ತಿದ್ದದ್ದು ಬಲಗಿವಿ. ಫೋನು ಬಲಗಿವಿಗೆ. ಮೀಟಿಂಗುಗಳಿಗೆ ಒಂದೇ ಕಿವಿಯ ಹೆಡ್‌ಸೆಟ್ಟು, ಅದೂ ಬಲಕ್ಕೆ. ಪೆಡಲು ಬಿಚ್ಚಿದ, ಸೇತುವೆ ದಾಟಿದ, ಹೆಂಡತಿಯನ್ನು ಬೈದ. ತನ್ನ ಕಿವಿಯೊಂದನ್ನು ಮಾತ್ರ ಅನುಮಾನಿಸಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಶೈಲಜಾ ಎಲ್ಲವನ್ನೂ ನೋಡುತ್ತಿದ್ದಳು. ಎದ್ದು ಬಂದು ಅವನ ಬಲಕ್ಕೆ ನಿಂತಳು. "ಊಟಕ್ಕೆ ಕೂತಾಗ ನಾನು ನಿಮ್ಮ ಯಾವ ಕಡೆ ಕೂರ್ತೀನಿ?" ಎಂದು ಕೇಳಿದಳು.

ಅವನಿಗೆ ತಕ್ಷಣ ನೆನಪಾಗಲಿಲ್ಲ. "ಎಡಗಡೆ," ಎಂದ.

"ಕಾರಲ್ಲಿ?"

ಡ್ರೈವರ್ ಸೀಟು ಎಡಕ್ಕಿರುವ ದೇಶದಲ್ಲಿ ಹೆಂಡತಿ ಕೂರುವುದು ಬಲಕ್ಕೆ.

"ನಾನು ಮಾತಾಡೋದೇ ನಿಮಗೆ ಬೇಡ ಆಗಿದೆ ಅಂತ ಅಂದ್ಕೊಂಡ್ಬಿಟ್ಟಿದ್ದೆ ಕಣ್ರೀ," ಎಂದಳು ಶೈಲಜಾ. ಹೇಳುವಾಗ ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಯಾವುದನ್ನು ಮೊದಲು ಮುಗಿಸಬೇಕೆಂದು ತಿಳಿಯದೆ ಸೆರಗಿಲ್ಲದ ಚೂಡಿದಾರದ ತೋಳಿನಿಂದ ಮುಖ ಒರೆಸಿಕೊಂಡಳು. ಜಯರಾಮ ಅವಳ ಕೈ ಹಿಡಿದುಕೊಂಡ. ಆಂಪುಗಳನ್ನು ಆರಿಸುವುದು ಇಬ್ಬರಿಗೂ ನೆನಪಾಗಲಿಲ್ಲ.

ಕಿವಿಯ ಡಾಕ್ಟರು ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ಎಡಗಿವಿಯ ಸರದಿಯಲ್ಲಿ ಬಹಳ ಹೊತ್ತು ಕೈ ತೊಡೆಯ ಮೇಲೇ ಇತ್ತು. ತೆಳು ದನಿಗಳೆಲ್ಲ ಹೋಗಿವೆ, ವರ್ಷಗಟ್ಟಲೆ ಆ ಕಿವಿಯ ಪಕ್ಕದಲ್ಲಿ ಏನಾದರೂ ಜೋರು ಸದ್ದು ಇತ್ತೇ ಎಂದು ಡಾಕ್ಟರು ಕೇಳಿದರು. ಡ್ರಮ್ಮಿನ ಕಂಚಿನ ತಟ್ಟೆಗಳು ಯಾವಾಗಲೂ ಅವನ ಎಡಕ್ಕೇ ಇರುತ್ತಿದ್ದವು. ಹೋದದ್ದು ವಾಪಸ್ಸು ಬರುವುದಿಲ್ಲ, ಇದ್ದದ್ದನ್ನು ಕಾಪಾಡಿಕೊಳ್ಳಿ, ಮಾತು ಕೇಳಲು ಮುಂದಿನ ತಿಂಗಳು ಒಂದು ಸಣ್ಣ ಯಂತ್ರ ಕೊಡುತ್ತೇನೆ ಎಂದರು.

ಕುಶಲ್ ಮನೆಯ ಪ್ರಾಕ್ಟೀಸಿಗೆ ಹೋಗುವಾಗ ದಾರಿಯುದ್ದಕ್ಕೂ ಜಯರಾಮ ಒಂದು ಸುಳ್ಳು ತಯಾರು ಮಾಡಿಕೊಂಡ. ವೈರು ಹೋಗಿತ್ತು, ಬದಲಿಸಿದೆ, ಸರಿಹೋಯಿತು ಎಂದರೆ ಮುಗಿಯಿತು. ಪೆಡಲನ್ನು ಒಂದೇ ಸಲ ತುಳಿದು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಂಪೂ ಉಳಿಯುತ್ತದೆ, ಕಿವಿಯ ಹೆಸರೂ ಉಳಿಯುತ್ತದೆ.

"ಸಿಕ್ತಾ ಸರ್ ಪ್ರಾಬ್ಲಮ್ಮು?" ಎಂದು ಕುಶಲ್ ಕೇಳಿದ. ಶರಣ್ಯಾ ಮೈಕು ಹಿಡಿದು ಅವನನ್ನೇ ನೋಡುತ್ತಿದ್ದಳು.

ಜಯರಾಮ ಬಾಯಿ ತೆರೆದ. ತುಂಬ ಸುಸ್ತಾಗಿತ್ತು. ಈ ಸುಳ್ಳನ್ನು ಇವತ್ತು ಹೇಳಿದರೆ ಪ್ರತಿ ಶೋಗೂ ಆಂಪುಗಳ ಜತೆ ಅದನ್ನೂ ಹೊತ್ತು ತರಬೇಕು. ಅಷ್ಟು ತ್ರಾಣ ತನ್ನಲ್ಲಿಲ್ಲ ಅನ್ನಿಸಿತು.

"ಆಂಪಿಗೆ ಏನೂ ಆಗಿಲ್ಲ ಕಣಪ್ಪ. ನನ್ನ ಎಡಗಿವಿ ಹೋಗಿದೆ," ಎಂದ.

ಕುಶಲನೇ ಮೊದಲು ಸುಧಾರಿಸಿಕೊಂಡ. "ಹಾಗಾದ್ರೆ ಆಂಪ್ಸ್ ಇರ್ಲಿ ಸರ್. ಅವುಗಳ ತಪ್ಪೇನಿದೆ. ಡ್ರಮ್ಮನ್ನ ಆ ಕಡೆ ಹಾಕೋಣ," ಎಂದ. ಜಯರಾಮ ಹೆದರಿದ್ದದ್ದು ಆಗಲಿಲ್ಲ. ಅವನ ಜಾಗ ಉಳಿಯಿತು.

ರಾಜ್ಯೋತ್ಸವದ ದಿನ ಎಲ್ಲರೂ ಅವನನ್ನು ತುಂಬ ಚೆನ್ನಾಗಿ ನೋಡಿಕೊಂಡರು. ಅಷ್ಟು ಚೆನ್ನಾಗಿ ಅವನನ್ನು ಯಾರೂ ಯಾವತ್ತೂ ನೋಡಿಕೊಂಡಿರಲಿಲ್ಲ, ಅದೇ ಅವನಿಗೆ ಹಿಂಸೆಯಾಯಿತು. ಎರಡು ಆಂಪುಗಳನ್ನೂ ಕುಶಲನೇ ಹೊತ್ತು ಸ್ಟೇಜಿಗೆ ತಂದ. ಶರಣ್ಯಾ ಅವನೊಂದಿಗೆ ಮಾತಾಡುವಾಗ ಸುತ್ತು ಬಂದು ಬಲಕ್ಕೆ ನಿಂತು, ಸ್ವಲ್ಪ ಜೋರಾಗಿ, ವಯಸ್ಸಾದವರ ಜತೆ ಮಾತಾಡುವ ಹಾಗೆ ಮಾತಾಡಿದಳು. ಸಭೆಯ ಮೂರನೇ ಸಾಲಿನಲ್ಲಿ ಶೈಲಜಾ ಕೂತಿದ್ದಳು.

ಪರದೆ ತೆರೆಯುವ ಮುಂಚೆ ಎಲ್ಲರೂ ಶ್ರುತಿ ಸೇರಿಸಿದರು. ಶರಣ್ಯಾ ಅಭ್ಯಾಸಬಲದಿಂದ ಜಯರಾಮನ ಕಡೆ ತಿರುಗಿದಳು. ಅವನೂ ಅಭ್ಯಾಸಬಲದಿಂದ ಗದ್ದ ಎತ್ತಿದ. ಅಷ್ಟರಲ್ಲಿ ಅವಳಿಗೆ ನೆನಪಾಗಿ, ಕೆಂಪಗಾಗಿ, ಮುಖವನ್ನು ಕುಶಲನ ಕಡೆ ತಿರುಗಿಸಿಕೊಂಡಳು.

"ಸರಿಯಿದ್ಯಾ?" ಎಂದು ಕೇಳಿದಳು.

"ಹೂಂ, ಸರಿಯಿದೆ," ಎಂದ ಕುಶಲ್.

ಬೇಸ್ ಗಿಟಾರಿನ ಒಂದು ತಂತಿ ಕೂದಲೆಳೆಯಷ್ಟು ಇಳಿದಿದೆ ಎಂದು ಜಯರಾಮನಿಗೆ ಅನ್ನಿಸಿತು. ಹೇಳಲು ಹೊರಟವನು ತಡೆದುಕೊಂಡ. ಇಳಿದಿರುವುದು ತಂತಿಯೋ ತನ್ನ ಕಿವಿಯೋ ಎಂದು ಅವನಿಗೆ ಗೊತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಗೊತ್ತಿರಲಿಲ್ಲ.

ಹಾಡು ಶುರುವಾಗಿ ಗಿಟಾರಿನ ಒಂಟಿ ಭಾಗ ಬಂತು. ಜಯರಾಮ ಪೆಡಲು ತುಳಿದ. ಬಲಗಡೆ ಗುಡುಗಿತು. ಎಡಗಡೆ ಅದೇ ಕಂಬಳಿ. ಕಾಲು ತಾನಾಗಿಯೇ ಮತ್ತೆ ಮೇಲೆದ್ದಿತು. ಅವನು ಕುಶಲನ ಮುಖ ನೋಡಿದ. ಎರಡೂ ಬದಲಾಗಿವೆ ಎಂದು ಕುಶಲ್ ಮೆಲ್ಲಗೆ ತಲೆಯಾಡಿಸಿದ. ಜಯರಾಮ ಕಾಲನ್ನು ಪಕ್ಕಕ್ಕೆ ಇಳಿಸಿ, ಆ ಹುಡುಗನ ಮಾತು ನಂಬಿ, ಕೊನೆಯವರೆಗೆ ನುಡಿಸಿದ.

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಬಲಗಡೆ ಕೂತವರಿಗೆ ಹೆಚ್ಚು ಹಿಡಿಸಿತೇನೋ ಎಂದುಕೊಂಡ ಜಯರಾಮ.